ಹರಟೆಗೂ ಕೂಲಿಗೂ ಎಷ್ಟು ದೂರ?

ಪೀಣ್ಯ ಎರಡನೆಯ ಹಂತದಲ್ಲಿ ಪಾಳಿ ಬಿಡುವ ಹೊತ್ತಿಗೆ ಯಾವುದಾದರೂ ಒಂದು ಟೀ ಅಂಗಡಿಯ ಮುಂದೆ ನಿಂತು ಕಿವಿಗೊಟ್ಟರೆ ಸಾಕು, ಅಂದಿನ ಪ್ರಪಂಚವೆಲ್ಲ ಅಲ್ಲಿ ತೀರ್ಮಾನವಾಗುತ್ತಿರುತ್ತದೆ. ಮುಖ್ಯಮಂತ್ರಿಯ ಕುರ್ಚಿ ಯಾರಿಗೆ, ಶುಕ್ರವಾರ ಬಂದ ಸಿನಿಮಾ ಎಷ್ಟು ದಿನ ಓಡೀತು, ಮೇಲ್ಸೇತುವೆಯ ಕೆಳಗೆ ಲಾರಿಗಳು ಏಕೆ ಸಿಕ್ಕಿಬಿದ್ದಿವೆ, ಆರ್‌ಸಿಬಿಯವರು ಯಾರನ್ನು ಕೊಂಡರು, ಎಲ್ಲಕ್ಕೂ ಒಂದು ಬೈಟು ಟೀ ಮುಗಿಯುವುದರೊಳಗೆ ತೀರ್ಪು ಸಿದ್ಧ. ತುಮಕೂರಿನ ಕಡೆಯ ಬಸ್ಸು ಬಂದಾಗ ಸಭೆ ಅರ್ಧಕ್ಕೆ ಮುರಿದು, ಉಳಿದ ಚರ್ಚೆ ಬಸ್ಸಿನೊಳಗೆ ಮುಂದುವರಿಯುತ್ತದೆ.

ಇದನ್ನು ಕಂಡು ನಗುವವರುಂಟು. ಕೆಲಸವಿಲ್ಲದವರ ಹರಟೆ ಎನ್ನುತ್ತಾರೆ. ಎಂಟು ಗಂಟೆ ಯಂತ್ರದ ಮುಂದೆ ನಿಂತು ಬಂದವನನ್ನು ಕೆಲಸವಿಲ್ಲದವನೆಂದು ಕರೆಯುವ ಧೈರ್ಯ ಇಂಥವರಿಗೇ ಇರಬೇಕು. ಇರಲಿ. ಹರಟೆ ಅಷ್ಟು ಹಗುರವಾದ ವಸ್ತುವೆ? ಹಾಗಾದರೆ ದೊಡ್ಡವರ ಹರಟೆಯ ಬೆಲೆ ಎಷ್ಟೆಂಬುದನ್ನು ಮೊದಲು ನೋಡೋಣ.

೨೦೨೩ರ ಅಕ್ಟೋಬರಿನಲ್ಲಿ ಇನ್ಫೋಸಿಸ್ ಸ್ಥಾಪಕರಾದ ನಾರಾಯಣ ಮೂರ್ತಿಯವರು ಒಂದು ಸಂಭಾಷಣೆಯಲ್ಲಿ, ದೇಶದ ಯುವಕರು ವಾರಕ್ಕೆ ೭೦ ಗಂಟೆ ದುಡಿಯಬೇಕೆಂದು ಅಭಿಪ್ರಾಯಪಟ್ಟರು. ಅದೂ ಒಂದು ಹರಟೆಯೇ. ಟೀ ಬದಲು ಮುಂದೆ ಮೈಕಿತ್ತು, ಅಷ್ಟೆ. ಅವರು ಆಡಿದ ಮಾತು ದೇಶದ ಪತ್ರಿಕೆಗಳಲ್ಲೆಲ್ಲ ತಿಂಗಳುಗಟ್ಟಲೆ ಓಡಾಡಿತು. ಮರುವರ್ಷ ಜುಲೈ ತಿಂಗಳಲ್ಲಿ ಐಟಿ ಕೆಲಸದವರ ದಿನವನ್ನು ೧೪ ಗಂಟೆಗೆ ಎಳೆಯುವ ಪ್ರಸ್ತಾವ ನಮ್ಮ ಸರ್ಕಾರದ ಮೇಜಿನ ಮೇಲಿತ್ತು. ಒಂದರಿಂದಲೇ ಇನ್ನೊಂದು ಹುಟ್ಟಿತೆಂದು ನಾವು ಸಾಧಿಸಹೊರಟಿಲ್ಲ. ಮಾತು ಮೊದಲು ಗಾಳಿಯಲ್ಲಿ ಸುಳಿದಾಡುತ್ತದೆ, ಆಮೇಲೆ ಕಾಗದಕ್ಕೆ ಇಳಿಯುತ್ತದೆ ಎಂಬಷ್ಟನ್ನು ಮಾತ್ರ ಹೇಳುತ್ತೇವೆ.

ಅದೇ ೨೦೨೪ರ ಜುಲೈನಲ್ಲಿ ಇನ್ನೊಂದು ನಡೆಯಿತು. ಕಾರ್ಖಾನೆ ಕಂಪನಿಗಳಲ್ಲಿ ಆಡಳಿತದ ಹುದ್ದೆಗಳ ಶೇಕಡ ೫೦, ಉಳಿದ ಹುದ್ದೆಗಳ ಶೇಕಡ ೭೦ ಸ್ಥಳೀಯರಿಗೆ ಎಂಬ ಮಸೂದೆಗೆ ಮಂತ್ರಿಮಂಡಲ ೧೫ನೆಯ ತಾರೀಖು ಒಪ್ಪಿಗೆಯಿತ್ತಿತು. ಕೂಡಲೇ ಎಲೆಕ್ಟ್ರಾನಿಕ್ ಸಿಟಿಯ, ವೈಟ್‌ಫೀಲ್ಡಿನ ಉದ್ಯಮಪತಿಗಳ ಮೊಬೈಲುಗಳು ಎಚ್ಚೆತ್ತವು. ತಲಾ ಎರಡು ಸಾಲು ಬರೆದರು. ೧೭ನೆಯ ತಾರೀಖಿಗೆ ಮಸೂದೆ ಮೂಲೆ ಸೇರಿತು. ಆ ಮಸೂದೆ ನಿರ್ದೋಷವಾಗಿತ್ತೆಂದು ನಾವು ವಾದಿಸುವುದಿಲ್ಲ. ಒಡಿಶಾದಿಂದಲೋ ಬಿಹಾರದಿಂದಲೋ ಬಂದು ನಮ್ಮ ಪಕ್ಕದ ಯಂತ್ರದಲ್ಲಿ ಬೆವರು ಹರಿಸುವವನನ್ನು ಹೊರಗಟ್ಟುವುದು ನಮಗೆ ಬೇಡ. ನಾವು ಗಮನಿಸಿದ್ದು ವೇಗವನ್ನು. ಎರಡು ದಿನ! ಕಾರ್ಮಿಕ ಇಲಾಖೆಗೆ ನಾವು ಕೊಟ್ಟ ಮನವಿಗೆ ಸ್ವೀಕೃತಿಯ ಮೊಹರು ಬೀಳಲು ಇದಕ್ಕಿಂತ ಹೆಚ್ಚು ದಿನ ಹಿಡಿದಿದೆ.

ಅಂದಮೇಲೆ ಬಂಧುಗಳೆ, ಹರಟೆಯಲ್ಲಿ ಶಕ್ತಿಯಿದೆ. ಶಕ್ತಿ ಇದ್ದೂ ನಮ್ಮ ಹರಟೆ ಏಕೆ ನಮ್ಮ ಕೈಗೆ ಏನನ್ನೂ ತಂದುಕೊಡುವುದಿಲ್ಲ?

ಇದಕ್ಕೆ ಉತ್ತರವಾಗಿ ನಾವು ಬೇರೆಯವರನ್ನು ಬಯ್ಯುವ ಮೊದಲು ನಮ್ಮ ತಪ್ಪನ್ನೇ ಒಪ್ಪಿಕೊಳ್ಳಬೇಕಾಗಿದೆ. ೨೦೨೫ರ ಏಪ್ರಿಲಿನಲ್ಲಿ ರಾಜ್ಯ ಸರ್ಕಾರ ಕನಿಷ್ಠ ವೇತನವನ್ನು ಏರಿಸುವ ಕರಡು ಅಧಿಸೂಚನೆಯನ್ನು ಹೊರಡಿಸಿತು. ೧೯೪೮ರ ಕನಿಷ್ಠ ವೇತನ ಕಾಯ್ದೆಯಂತೆ ಇಂಥ ಕರಡಿಗೆ ಕನಿಷ್ಠ ಎರಡು ತಿಂಗಳ ಕಾಲಾವಕಾಶ ಕೊಡಬೇಕಿತ್ತು. ಆ ಅವಧಿಯಲ್ಲಿ ಬಾಧಿತರಾದ ಯಾರು ಬೇಕಾದರೂ ತಮ್ಮ ಮಾತನ್ನು ಬರೆದುಕೊಡಬಹುದಿತ್ತು. ಮಾಲೀಕರ ಸಂಘಗಳು ಸುಮ್ಮನಿರಲಿಲ್ಲ. ಇಷ್ಟು ಕೊಟ್ಟರೆ ಕಾರ್ಖಾನೆಗೆ ಬೀಗ ಬೀಳುತ್ತದೆಂದು ಆಕ್ಷೇಪ ಎತ್ತಿದವು.

ಅದೇ ಎರಡು ತಿಂಗಳಲ್ಲಿ ನಮ್ಮ ಟೀ ಅಂಗಡಿಯಲ್ಲಿ ಏನು ನಡೆಯುತ್ತಿತ್ತು? ಮೇ ತಿಂಗಳ ೨೪ರಂದು ಚೆನ್ನೈಯಲ್ಲಿ ಕಮಲ್ ಹಾಸನ್ ತಮ್ಮ 'ಥಗ್ ಲೈಫ್' ಚಿತ್ರದ ಸಮಾರಂಭದಲ್ಲಿ, ಕನ್ನಡ ತಮಿಳಿನಿಂದ ಹುಟ್ಟಿತೆಂಬ ಮಾತು ಹೇಳಿದರು. ಕನ್ನಡದ ಮೇಲೆ ಅಭಿಮಾನವುಳ್ಳ ಯಾರಿಗಾದರೂ ಅದು ಚುಚ್ಚುವ ಮಾತೇ. ಚಿತ್ರಕ್ಕೆ ವಾಣಿಜ್ಯ ಮಂಡಳಿ ಅಡ್ಡ ನಿಂತಿತು, ಹೈಕೋರ್ಟು ಕ್ಷಮೆ ಕೇಳಬಾರದೇ ಎಂದಿತು, ಅವರು ಕೇಳಲಿಲ್ಲ, ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಒಂದು ಸಂಜೆ ನಾವೂ ಆ ಅಂಗಡಿಯ ಮುಂದೆ ನಿಂತು ಹಲ್ಮಿಡಿ ಶಾಸನದಿಂದ ಮೊದಲುಮಾಡಿ ಮುಕ್ಕಾಲು ಗಂಟೆ ವಾದಿಸಿದೆವು. ಮೇಷ್ಟ್ರಾಗಿದ್ದ ಚಾಳಿ, ಕೇಳುವವರಿದ್ದರೆ ನಾಲಗೆ ನಿಲ್ಲುವುದಿಲ್ಲ. ಸುತ್ತ ಮೂವತ್ತು ಜನ ಸೇರಿದ್ದರು. ಕನಿಷ್ಠ ವೇತನದ ಕರಡಿನ ಪ್ರತಿ ನಮ್ಮ ಹೆಗಲ ಚೀಲದಲ್ಲೇ ಇತ್ತು. ಅದನ್ನು ತೆಗೆಯುವ ನೆನಪು ನಮಗೆ ಬರಲಿಲ್ಲ.

ಜೂನ್ ಕೊನೆಯ ಹೊತ್ತಿಗೆ ಗಾರ್ಮೆಂಟ್ಸಿನ ಒಬ್ಬ ತಾಯಿ ಅದೇ ಅಂಗಡಿಯ ಬಳಿ ನಮ್ಮನ್ನು ತಡೆದು ಕೇಳಿದರು: "ಮೇಷ್ಟ್ರೇ, ಕೂಲಿ ಜಾಸ್ತಿ ಮಾಡ್ತಾರಂತೆ ನಿಜವಾ? ನಾವೂ ಬರ್ದು ಕೊಡ್ಬೋದಂತಲ್ಲ, ಎಲ್ಲಿ ಕೊಡೋದು?"

"ಗಡುವು ಮುಗೀತಲ್ಲಮ್ಮ" ಎಂದೆವು.

"ಅವತ್ತು ನೀವು ಇಲ್ಲೇ ನಿಂತು ಅಷ್ಟೊತ್ತು ಮಾತಾಡ್ತಿದ್ರಲ್ಲ ಸಾರ್. ಇದನ್ನೂ ಹೇಳಿದ್ರೆ ಆಗ್ತಿರ್ಲಿಲ್ವಾ?"

ಆಕೆ ಬಯ್ಯಲಿಲ್ಲ. ಬಸ್ಸು ಬಂತು, ಹತ್ತಿ ಹೋದರು. ಲೆಕ್ಕದ ಪಾಠ ಬಿಟ್ಟು ಕಥೆ ಹೇಳಿ ಪರೀಕ್ಷೆಯ ಮುಂಚಿನ ದಿನ ಮಕ್ಕಳ ಮುಖ ನೋಡುವ ಉಪಾಧ್ಯಾಯನ ಪಾಡು ನಮ್ಮದಾಯಿತು.

ಭಾಷೆಯ ಮಾತು ಆಡಬಾರದೆಂದು ಇದರ ಅರ್ಥವಲ್ಲ. ಕನ್ನಡದ ಮಾನದ ಬಗ್ಗೆ ಮುಕ್ಕಾಲು ಗಂಟೆ ಆಡುವವನು ಕನ್ನಡದ ಹೆಂಗಸಿನ ದಿನಗೂಲಿಯ ಬಗ್ಗೆ ಹತ್ತು ನಿಮಿಷವನ್ನಾದರೂ ಆಡಬೇಕಿತ್ತು.

ಹಾಗೆಯೇ ಕ್ರಿಕೆಟ್ಟು. ೧೮ ವರ್ಷ ಕಾದು ೨೦೨೫ರ ಜೂನ್ ೩ರಂದು ಆರ್‌ಸಿಬಿ ಗೆದ್ದಿತು. ಹುಡುಗರು ಕುಣಿದರು, ಕುಣಿಯಲಿ. ಮಾರನೆಯ ದಿನ ವಿಧಾನಸೌಧದ ಮೆಟ್ಟಿಲ ಮೇಲೆ ಸನ್ಮಾನ, ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲಲ್ಲಿ ಕಾಲ್ತುಳಿತ. ೧೧ ಜನ ಸತ್ತರು. ಅವರು ಖರೀದಿಯಾದ ಆಟಗಾರರೂ ಅಲ್ಲ, ಪಾಸು ಪಡೆದ ಗಣ್ಯರೂ ಅಲ್ಲ. ನಮ್ಮ ನಿಮ್ಮಂಥವರ ಮನೆಯ ಮಕ್ಕಳು. ಆ ವಾರ ಅಂಗಡಿಯ ಮಾತೆಲ್ಲ ಯಾವ ಅಧಿಕಾರಿ ಅಮಾನತಾದ, ಯಾವ ಪಕ್ಷಕ್ಕೆ ಇದರಿಂದ ಲಾಭ ಎಂಬುದರ ಸುತ್ತಲೇ ತಿರುಗಿತು. ನಮ್ಮ ಮಕ್ಕಳು ಸಂಭ್ರಮಕ್ಕೆ ಹೋದರೆ ಬಾಗಿಲಲ್ಲಿ ಸಾಯಬೇಕಾದ ವ್ಯವಸ್ಥೆ ಯಾರದೆಂದು ಕೇಳಿದವರು ಕಡಿಮೆ.

ಈಗ ನಮ್ಮ ಹರಟೆ ಗೆದ್ದ ಎರಡು ಸಂಗತಿಗಳನ್ನು ಹೇಳಲೇಬೇಕು. ಇಲ್ಲವಾದರೆ ಓದುಗರು ನಮ್ಮನ್ನು ಬರೀ ಶಾಪ ಹಾಕುವವರೆಂದು ತಿಳಿದಾರು.

ಮೊದಲನೆಯದು ೨೦೧೬ರ ಏಪ್ರಿಲಿನದು. ಭವಿಷ್ಯನಿಧಿಯಲ್ಲಿ ಮಾಲೀಕನ ಪಾಲಿನ ಹಣವನ್ನು ೫೮ ವರ್ಷವಾಗುವ ತನಕ ತೆಗೆಯುವಂತಿಲ್ಲವೆಂದು ಕೇಂದ್ರ ಸರ್ಕಾರ ಆ ವರ್ಷ ಫೆಬ್ರುವರಿಯಲ್ಲಿ ನಿಯಮ ಮಾಡಿತ್ತು. ದಿಲ್ಲಿಯ ಬುದ್ಧಿವಂತರಿಗೆ ಅದು ವೃದ್ಧಾಪ್ಯದ ಭದ್ರತೆಯಾಗಿ ಕಂಡಿರಬೇಕು. ಹೊಲಿಗೆ ಯಂತ್ರದ ಮುಂದೆ ಕೂರುವ ಹೆಂಗಸಿಗೆ ಆ ಹಣವೆಂದರೆ ಮಗಳ ಮದುವೆ, ಗಂಡನ ಆಸ್ಪತ್ರೆ, ಊರಿನ ಸಾಲ. ನಲವತ್ತಕ್ಕೇ ಬೆನ್ನು ಬಗ್ಗುವ ಕೆಲಸದಲ್ಲಿ ೫೮ರ ತನಕ ಕಾಯುವವರು ಯಾರು? ಸುದ್ದಿ ಊಟದ ಬಿಡುವಿನಲ್ಲಿ, ಬಸ್ಸಿನಲ್ಲಿ, ನೀರಿನ ನಲ್ಲಿಯ ಬಳಿ ಬಾಯಿಂದ ಬಾಯಿಗೆ ಹರಿಯಿತು. ೧೮ರಂದು ಹೊಸೂರು ರಸ್ತೆಯ ಬೊಮ್ಮನಹಳ್ಳಿಯಲ್ಲಿ ಸಾವಿರಾರು ಹೆಂಗಸರು ರಸ್ತೆಗಿಳಿದರು. ಮರುದಿನ ತುಮಕೂರು ರಸ್ತೆಯಲ್ಲಿ ಪೀಣ್ಯದ ಕಡೆಯವರೂ ಎದ್ದರು. ಲಾಠಿ ಬೀಸಿತು, ವಾಹನಗಳು ಉರಿದವು. ೧೯ರ ಸಂಜೆಗೆ ದಿಲ್ಲಿ ಆ ನಿಯಮವನ್ನು ಹಿಂತೆಗೆದುಕೊಂಡಿತು. ಯಾವ ಪಕ್ಷದ ಕರೆಯೂ ಇರಲಿಲ್ಲ, ವೇದಿಕೆ ಇರಲಿಲ್ಲ, ಮಾಲೆ ಹಾಕಿಸಿಕೊಳ್ಳುವ ಮುಖಂಡನಿರಲಿಲ್ಲ. ನಮ್ಮವರೂ ತಡವಾಗಿ ಹೋದವರೇ. ಆ ಎರಡು ದಿನಗಳನ್ನು ತಂದದ್ದು ಊಟದ ಡಬ್ಬಿಯ ಸುತ್ತ ಕೂತು ಆಡಿದ ಮಾತು.

ಎರಡನೆಯದು ೨೦೨೫ರ ಜುಲೈ. ಈ ಸಲ ಪೆಟ್ಟು ಬಿದ್ದದ್ದು ಟೀ ಅಂಗಡಿಗೇ. ಮೊಬೈಲಿನಲ್ಲಿ ಬಂದ ಯುಪಿಐ ಹಣವನ್ನು ಲೆಕ್ಕ ಹಾಕಿ, ವರ್ಷಕ್ಕೆ ಸರಕಿನಲ್ಲಿ ೪೦ ಲಕ್ಷ, ಸೇವೆಯಲ್ಲಿ ೨೦ ಲಕ್ಷ ದಾಟಿದವರಿಗೆ ವಾಣಿಜ್ಯ ತೆರಿಗೆ ಇಲಾಖೆ ನಾಲ್ಕು ವರ್ಷಗಳ ಬಾಬ್ತು ಸೇರಿಸಿ ನೋಟೀಸು ಕಳಿಸಿತು. ಬೇಕರಿ, ಕಾಂಡಿಮೆಂಟ್ಸು, ತರಕಾರಿ ಅಂಗಡಿ, ಯಾರನ್ನೂ ಬಿಡಲಿಲ್ಲ. ೪೦ ಲಕ್ಷ ಎಂದೊಡನೆ ಕಾರ್ಮಿಕ ಬಂಧುಗಳು ಕೆಲವರು ಬೆಚ್ಚಿ, "ನೋಡಿದ್ಯಾ, ಶೆಟ್ರು ನಮ್ಮಿಂದ ಎಷ್ಟು ದುಡ್ಡು ಮಾಡವ್ರೆ" ಎಂದದ್ದನ್ನು ನಾವೇ ಕೇಳಿದೆವು. ಸ್ವಲ್ಪ ಲೆಕ್ಕ ಮಾಡಿ. ೪೦ ಲಕ್ಷವನ್ನು ೩೬೫ರಿಂದ ಭಾಗಿಸಿದರೆ ದಿನಕ್ಕೆ ಸುಮಾರು ೧೧ ಸಾವಿರ. ಅದು ವಹಿವಾಟು, ಲಾಭವಲ್ಲ. ಹಾಲಿನ ಪೊಟ್ಟಣ, ಸಿಗರೇಟು, ಬ್ರೆಡ್ಡು ಒಂದು ಕೈಯಲ್ಲಿ ಬಂದು ಇನ್ನೊಂದು ಕೈಯಲ್ಲಿ ಹೋಗುವ ಸರಕು. ಅಂಗಡಿಯವನಿಗೆ ಉಳಿಯುವುದು ಚಿಲ್ಲರೆ. ಚೀಟಿಯ ಹಣವೂ ಬಾಮೈದನ ಕೈಸಾಲವೂ ಅದೇ ಖಾತೆಗೆ ಬಿದ್ದಿರುತ್ತದೆ. ಹಾಲು, ತರಕಾರಿಗಳ ಮೇಲೆ ತೆರಿಗೆಯೇ ಇಲ್ಲ ಎಂಬುದನ್ನೂ ನೋಟೀಸು ಮರೆತಂತಿತ್ತು.

ಬಡ ವ್ಯಾಪಾರಿಗಳು ಒಂದೇ ದಿನದಲ್ಲಿ ಆ ಅಂಟುಚೀಟಿಗಳನ್ನು ಕಿತ್ತು 'ನಗದು ಮಾತ್ರ' ಎಂದು ಬರೆದರು. ೨೫ನೆಯ ತಾರೀಖು ಅಂಗಡಿ ಮುಚ್ಚುತ್ತೇವೆಂದರು. ಎರಡು ವಾರ ಯಾವ ಅಂಗಡಿಗೆ ಹೋದರೂ ಇದೇ ಮಾತು. ೨೩ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ವ್ಯಾಪಾರಿಗಳನ್ನು ಕರೆದು ಕೂರಿಸಿದರು. ನೋಂದಣಿ ಮಾಡಿಸಿಕೊಂಡರೆ ಹಳೆಯ ಬಾಕಿ ವಸೂಲು ಮಾಡುವುದಿಲ್ಲವೆಂಬ ಮಾತು ಹೊರಬಿತ್ತು. ಬಂದ್ ಕೈಬಿಟ್ಟರು.

ತೆರಿಗೆ ಕೊಡಬಾರದೆಂಬುದು ನಮ್ಮ ವಾದವಲ್ಲ. ಕೊಡಬೇಕಾದವರು ಮೊದಲು ಕೊಡಲಿ. ದೊಡ್ಡ ಕಂಪನಿಗೆ ಭೂಮಿ, ವಿದ್ಯುತ್ತು, ರಿಯಾಯಿತಿ ಎಂದು ಕೈತುಂಬ ಕೊಡುವ ಸರ್ಕಾರ ಬೋಂಡಾ ಕರಿಯುವವನ ಮೊಬೈಲನ್ನು ಶೋಧಿಸಹೊರಟಿತಲ್ಲ, ಅಲ್ಲಿದೆ ನಮ್ಮ ಜಗಳ. ಆದರೆ ವ್ಯಾಪಾರಿ ಬಂಧುಗಳಿಗೂ ಒಂದು ಮಾತು ಹೇಳಬೇಕು. ಕನಿಷ್ಠ ವೇತನದ ಕರಡು ಬಂದಾಗ ನಿಮ್ಮಲ್ಲಿ ಹಲವರು "ಇವ್ರಿಗೆ ಎಷ್ಟು ಕೊಟ್ರೂ ಸಾಲಲ್ಲ" ಎಂದಿರಿ. ಅವರ ಜೇಬಿಗೆ ಸಾವಿರ ಹೆಚ್ಚು ಬಿದ್ದರೆ ಅದು ಕಳೆಯುವುದು ನಿಮ್ಮ ಅಂಗಡಿಯ ಗಲ್ಲಾದಲ್ಲೇ. ಮಾಲ್‌ಗೆ ಹೋಗಿ ಕಾಫಿಗೆ ಮುನ್ನೂರು ಕೊಡುವವರು ಅವರಲ್ಲ.

ಗಂಟೆಗಳ ವಿಷಯದಲ್ಲಂತೂ ಕಮಲಕ್ಕೂ ಕೈಗೂ ನಮಗೆ ಭೇದ ಕಾಣಲಿಲ್ಲ. ೨೦೨೩ರ ಫೆಬ್ರುವರಿಯಲ್ಲಿ ಬಿಜೆಪಿ ಸರ್ಕಾರ ಕಾರ್ಖಾನೆಗಳಲ್ಲಿ ದಿನಕ್ಕೆ ೧೨ ಗಂಟೆಯ ತನಕ ದುಡಿಸಲು ಕಾಯ್ದೆ ತಿದ್ದಿತು; ಮೂರು ತಿಂಗಳಿಗೆ ೭೫ ಗಂಟೆ ಇದ್ದ ಓಟಿಯ ಮಿತಿ ೧೪೪ಕ್ಕೆ ಏರಿತು. ೨೦೨೫ರ ಜೂನ್‌ನಲ್ಲಿ ಕಾಂಗ್ರೆಸ್ ಸರ್ಕಾರ ಅಂಗಡಿ, ವಾಣಿಜ್ಯ ಸಂಸ್ಥೆ, ಐಟಿಗಳಿಗೂ ದಿನಕ್ಕೆ ೧೦ ಗಂಟೆ, ಓಟಿ ಸೇರಿ ೧೨ ಎಂಬ ಪ್ರಸ್ತಾವವನ್ನು ಮುಂದಿಟ್ಟಿತು. ಬಣ್ಣ ಬೇರೆ, ಗಡಿಯಾರ ಒಂದೇ. ಐಟಿ ನೌಕರರ ಸಂಘದವರು ಪ್ರತಿಭಟಿಸಿದರು. ಹವಾನಿಯಂತ್ರಿತ ಕೋಣೆಯವರಿಗೆ ಏನು ಕಷ್ಟ ಎಂದು ಪೀಣ್ಯದವರು ನಕ್ಕರು. ಅವರನ್ನು ಕಟ್ಟುವ ಹಗ್ಗವನ್ನು ಹೊಸೆದದ್ದು ನಮ್ಮ ಅಂಗಳದಲ್ಲೇ ಎಂಬುದು ಮರೆತುಹೋಗಿತ್ತು.

ಸಿನಿಮಾದ ಮಾತಿಗೆ ಬಂದರೆ, ನಾವೂ ನೋಡುತ್ತೇವೆ, ಶಿಳ್ಳೆ ಹೊಡೆಯುವ ವಯಸ್ಸು ಮಾತ್ರ ಹೋಯಿತು. ೨೦೨೫ರ ಸೆಪ್ಟೆಂಬರಿನಲ್ಲಿ ಟಿಕೆಟಿಗೆ ತೆರಿಗೆ ಬಿಟ್ಟು ೨೦೦ ರೂಪಾಯಿಯ ಮಿತಿ ಹಾಕಿ ಸರ್ಕಾರ ನಿಯಮ ತಂದಿತು. ಮಲ್ಟಿಪ್ಲೆಕ್ಸಿನವರೂ ನಿರ್ಮಾಪಕರೂ ಹೈಕೋರ್ಟಿಗೆ ಓಡಿ ಅದೇ ತಿಂಗಳು ತಡೆಯಾಜ್ಞೆ ತಂದರು. ನಟರ ಕಟೌಟಿಗೆ ಹಾಲೆರೆಯುವ ಅಭಿಮಾನಿಗಳು ಆ ದಿನ ಒಂದು ಕೂಗು ಹಾಕಿದ್ದು ನಮ್ಮ ಕಿವಿಗೆ ಬೀಳಲಿಲ್ಲ. ಹೆಂಡತಿ ಇಬ್ಬರು ಮಕ್ಕಳೊಡನೆ ಸಿನಿಮಾ ನೋಡಿದರೆ ಎಷ್ಟು ದಿನದ ಕೂಲಿ ಹೋಗುತ್ತದೆ ಎಂಬುದೂ ಸಿನಿಮಾ ಚರ್ಚೆಯೇ ಅಲ್ಲವೆ?

ಆ ತಾಯಿಯ ಮಾತು ಕೇಳಿದ ಮೇಲೆ ನಾವು ಒಂದು ಕೆಲಸ ಮಾಡಿದೆವು. ನಮ್ಮ ಹಳೆಯ ಶಾಲೆಯಲ್ಲಿ ಮೂಲೆಗೆ ಬಿದ್ದಿದ್ದ ಒಂದು ಸಣ್ಣ ಕರಿಹಲಗೆಯನ್ನು ತಂದು, ಅಂಗಡಿಯವರನ್ನು ಕೇಳಿ, ಬಿಸ್ಕತ್ತಿನ ಡಬ್ಬಿಗಳ ಮೇಲೆ ತೂಗುಹಾಕಿದೆವು. ಕರಡು, ಗಡುವು, ಅರ್ಜಿ ಕೊಡುವ ಕಚೇರಿ ಯಾವುದೆಂದು ವಾರಕ್ಕೊಮ್ಮೆ ಬರೆಯುತ್ತೇವೆ. ಎರಡನೆಯ ವಾರವೇ ಯಾರೋ ಅದರ ಮೇಲೆ ಕ್ರಿಕೆಟ್ಟಿನ ಅಂಕಗಳನ್ನು ಗೀಚಿಟ್ಟಿದ್ದರು. ನಾವು ಅಳಿಸಲಿಲ್ಲ. ೨೦೨೫ರ ನವೆಂಬರ್ ೨೧ರಿಂದ ೨೯ ಕಾಯ್ದೆಗಳ ಜಾಗದಲ್ಲಿ ನಾಲ್ಕು ಸಂಹಿತೆಗಳು ಬಂದಾಗ, ಅಂಕಗಳ ಕೆಳಗೆ ಉಳಿದ ಜಾಗದಲ್ಲೇ ಬರೆದೆವು: ಒಪ್ಪಿಗೆಯಿಲ್ಲದೆ ಓಟಿ ಮಾಡಿಸುವಂತಿಲ್ಲ, ಮಾಡಿದ ಓಟಿಗೆ ದುಪ್ಪಟ್ಟು ಕೂಲಿ. ಆ ಸಂಜೆ ಸಿಎನ್‌ಸಿ ಯಂತ್ರದ ಹುಡುಗನೊಬ್ಬ ಟೀ ಲೋಟ ಹಿಡಿದೇ ಅದನ್ನು ಎರಡು ಸಲ ಓದಿ, "ನಮ್ಗೆ ಸಿಂಗಲ್ ರೇಟೇ ಕೊಡ್ತಿರೋದು, ಮೇಷ್ಟ್ರೇ" ಎಂದ. ಪಕ್ಕದಲ್ಲಿದ್ದವನು, "ನಮ್ಗೂ" ಎಂದ. ಅಂಗಡಿಯವರು ಗ್ಯಾಸು ಸಣ್ಣ ಮಾಡಿ ಇತ್ತ ತಿರುಗಿದರು.