ಸೈಕಲ್ಲು ಯಾರ ಕಾಲಿನ ಅಳತೆಗೆ?

ನಮ್ಮವರ ಮನೆಗಳಿಗೆ ಹೋದಾಗ ಇತ್ತೀಚೆಗೆ ಒಂದು ದೃಶ್ಯ ಮೇಲಿಂದ ಮೇಲೆ ಕಣ್ಣಿಗೆ ಬೀಳುತ್ತದೆ. ಡೊಂಬಿವಲಿಯಿರಲಿ, ಮುಲುಂಡ್ ಇರಲಿ, ಮೀರಾ ರೋಡ್ ಇರಲಿ, ಬಾಲ್ಕನಿಯ ಮೂಲೆಯಲ್ಲಿ ನಿಂತಲ್ಲೇ ತುಳಿಯುವ ಒಂದು ವ್ಯಾಯಾಮದ ಸೈಕಲ್ಲು. ಅದರ ಹ್ಯಾಂಡಲಿಗೆ ಒದ್ದೆ ಟವೆಲು, ಸೀಟಿನ ಮೇಲೆ ಮಕ್ಕಳ ಶಾಲೆಯ ಸಮವಸ್ತ್ರ, ಪೆಡಲಿನ ಬುಡದಲ್ಲಿ ಈರುಳ್ಳಿಯ ಬುಟ್ಟಿ. ನಮ್ಮ ನೋಟ ಅತ್ತ ಹರಿದುದನ್ನು ಗಮನಿಸಿ ಮನೆಯ ಯಜಮಾನರು ನಗುತ್ತಾರೆ: "ಇವಳಿಗೆಂದು ತಂದದ್ದು ಮಾರಾಯ್ರೇ. ನಾಲ್ಕು ದಿನ ತುಳಿದಳು, ಬಿಟ್ಟಳು. ಶುದ್ಧ ಸೋಮಾರಿತನ!" ಒಳಗಿನಿಂದ ಚಹ ತರುತ್ತಿರುವ ಆ ತಾಯಿಯೂ ನಗುತ್ತಾರೆ. ನಾವೂ ನಗುತ್ತೇವೆ. ಚಹ ಕುಡಿದು ವಿಷಯ ಮರೆಯುತ್ತೇವೆ.

ಆ ನಗುವಿನ ವಿರುದ್ಧ ಈ ಲೇಖನ.

ಎಷ್ಟೋ ಮನೆಗಳಲ್ಲಿ ಸೋಮಾರಿತನದ ಆರೋಪ ಹೊತ್ತವರು ನಿರಪರಾಧಿಗಳು. ತಪ್ಪು ನಡೆದದ್ದು ಸೈಕಲ್ಲು ಕೊಂಡ ದಿನ. ಕೊಂಡವರು ಒಬ್ಬರು, ತುಳಿಯಬೇಕಾದವರು ಇನ್ನೊಬ್ಬರು. ಕೊಳ್ಳುವಾಗ ಬೆಲೆಯ ಅಳತೆಯಾಯಿತೇ ಹೊರತು ಕಾಲಿನ ಅಳತೆಯಾಗಲಿಲ್ಲ. ಇಷ್ಟನ್ನು ಧೈರ್ಯವಾಗಿ ಹೇಳಲು ನನಗೆ ಅಧಿಕಾರವಿದೆ, ಏಕೆಂದರೆ ಆ ಅಪರಾಧವನ್ನು ನಾನೇ ಮಾಡಿದ್ದೇನೆ.

2021ರ ಮಳೆಗಾಲದಲ್ಲಿ ನನ್ನಾಕೆಗೆ ಸಕ್ಕರೆ ಕಾಯಿಲೆಯೆಂದು ತಿಳಿಯಿತು. ದಿನಕ್ಕೆ ಅರ್ಧ ಗಂಟೆ ಮೈ ಬೆವರಲಿ ಎಂದರು ಡಾಕ್ಟರು. ನಾನು ಅದೇ ರಾತ್ರಿ ಮೊಬೈಲು ಹಿಡಿದು ಕೂತೆ. ಚಿತ್ರ ನೋಡಿದೆ, ಬೆಲೆ ನೋಡಿದೆ, ಎಷ್ಟು ರಿಯಾಯಿತಿ ಎಂದು ನೋಡಿದೆ. ಏಳು ಸಾವಿರಕ್ಕೆ ಸಿಕ್ಕಿತೆಂದು ಮರುದಿನ ಲೋಕಲ್ ಟ್ರೈನಿನಲ್ಲಿ ಮಿತ್ರರ ಮುಂದೆ ಜಂಬವನ್ನೂ ಕೊಚ್ಚಿದೆ. ಪೆಟ್ಟಿಗೆ ಬಂತು, ಮಗ ಜೋಡಿಸಿದ, ಮೊದಲು ನಾನೇ ಏರಿ ತುಳಿದೆ. ಸೊಗಸಾಗಿತ್ತು. ನಾನು 5 ಅಡಿ 9 ಅಂಗುಲದವನು. ಆಕೆ 4 ಅಡಿ 10 ಅಂಗುಲ.

ಹತ್ತು ದಿನಕ್ಕೆ ಆಕೆ ಮಂಡಿಯ ಹಿಂಭಾಗ ನೋಯುತ್ತದೆ ಎಂದಳು. "ಅಭ್ಯಾಸವಾಗುವ ತನಕ ಹಾಗೆಯೇ" ಎಂದೆ. ಇಪ್ಪತ್ತು ದಿನಕ್ಕೆ ಸೊಂಟ ಹಿಡಿಯುತ್ತದೆ ಎಂದಳು. "ಕೆಲಸ ತಪ್ಪಿಸಲು ನೆಪ" ಎಂದೆ. ಒಂದು ತಿಂಗಳಾಗುವಷ್ಟರಲ್ಲಿ ಹ್ಯಾಂಡಲಿನ ಮೇಲೆ ಟವೆಲು ಬಂತು. ಅನಂತರ ಒಂದೂವರೆ ವರ್ಷ, ಬಂದ ಅತಿಥಿಗಳ ಎದುರೆಲ್ಲ ನಾನು ಆ ಹಾಸ್ಯವನ್ನು ಹೇಳುತ್ತಲೇ ಇದ್ದೆ. ಅಷ್ಟರಲ್ಲಿ ರಕ್ತಪರೀಕ್ಷೆಯ ಅಂಕಿ ಏರಿ, ಒಂದಿದ್ದ ಮಾತ್ರೆ ಎರಡಾಯಿತು.

ಫಿಜಿಯೋಥೆರಪಿ ಕಲಿತ ನನ್ನ ತಂಗಿಯ ಮಗಳು ಹುಬ್ಬಳ್ಳಿಯಿಂದ ಬಂದಿದ್ದಳು. ಹಾಸ್ಯ ಅವಳ ಮುಂದೆಯೂ ನಡೆಯಿತು. ಹುಡುಗಿ ನಗಲಿಲ್ಲ. "ಅತ್ತೆ, ಒಂದು ಸಲ ಕೂತು ತೋರಿಸಿ" ಎಂದಳು. ಟವೆಲು ತೆಗೆದು ಆಕೆ ಕೂತಳು. ಪೆಡಲು ಕೆಳಗಿಳಿದಾಗ ಪಾದದ ತುದಿ ಮಾತ್ರ ತಾಗುತ್ತಿತ್ತು. ಪ್ರತಿ ಸುತ್ತಿಗೂ ಸೊಂಟ ಅತ್ತಿತ್ತ ಓಲಾಡುತ್ತಿತ್ತು. "ಮಾವ, ಸೀಟನ್ನು ಕೊನೆಯ ತೂತಿಗೆ ಇಳಿಸಿದರೂ ಅತ್ತೆಗೆ ಎರಡಂಗುಲ ಎತ್ತರವೇ. ಇದು ನಿಮ್ಮ ಸೈಕಲ್ಲು, ಅತ್ತೆಯದ್ದಲ್ಲ" ಎಂದಳು. ಒಂದೂವರೆ ವರ್ಷದ ನನ್ನ ಹಾಸ್ಯ ಅರ್ಧ ನಿಮಿಷದಲ್ಲಿ ಮುಗಿಯಿತು.

ಇನ್ನು ವಾದಕ್ಕೆ ಬರೋಣ. ಈ ವಿಷಯ ಎತ್ತಿದಾಗಲೆಲ್ಲ ನನಗೆ ಮೂರು ಬಗೆಯ ಉತ್ತರ ಸಿಗುತ್ತವೆ.

ಮೊದಲನೆಯವರು ಹೇಳುವುದು: "ಸೈಕಲ್ಲೇ ಬೇಡ, ನಡೆಯಲಿ. ನಡಿಗೆಗೆ ಕಾಸು ಕೊಡಬೇಕಾಗಿಲ್ಲ." ಒಪ್ಪಿದೆ. ನಡೆಯಲು ಸಾಧ್ಯವಿರುವವರು ದಯವಿಟ್ಟು ನಡೆಯಿರಿ, ಈ ಲೇಖನವನ್ನು ಇಲ್ಲಿಗೇ ಬಿಡಿ. ಆದರೆ ಮುಂಬಯಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆ. ಫುಟ್‌ಪಾತು ಇದ್ದಲ್ಲಿ ಅಂಗಡಿಯಿದೆ, ಅಂಗಡಿಯಿಲ್ಲದಲ್ಲಿ ಗುಂಡಿಯಿದೆ. ಬೆಳಿಗ್ಗೆ ಐದಕ್ಕೆದ್ದು ಮೂರು ಡಬ್ಬಿ ತುಂಬಿಸುವ ಹೆಂಗಸು ಯಾವ ಹೊತ್ತಿಗೆ ನಡೆಯಬೇಕು? ರಾತ್ರಿ ಒಂಬತ್ತಕ್ಕೆ ಒಬ್ಬಳೇ ಹೊರಟರೆ ಮನೆಯಲ್ಲಿ ಬೇಡವೆನ್ನುವವರೂ ನಡೆಯಲಿ ಎಂದವರೇ. ಊರಲ್ಲಿದ್ದಾಗ ಬಾವಿಯ ಹಗ್ಗ, ಒರಳುಕಲ್ಲು, ಗದ್ದೆಯ ಬದು ಇವೆಲ್ಲ ಕೇಳದೆಯೇ ವ್ಯಾಯಾಮ ಕೊಡುತ್ತಿದ್ದವು. ಇಲ್ಲಿ ಏಳನೆಯ ಮಾಳಿಗೆ, ಲಿಫ್ಟು, ಮಿಕ್ಸರು.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮ ಬೇಕು. ಅದನ್ನು ಒಮ್ಮೆಲೇ ಮಾಡಬೇಕೆಂದಿಲ್ಲ. ಹತ್ತು ಹತ್ತು ನಿಮಿಷಗಳೂ ಲೆಕ್ಕಕ್ಕೆ ಬರುತ್ತವೆ. ಕುಕ್ಕರು ಕೂಗುವಷ್ಟರಲ್ಲಿ ಹತ್ತು ನಿಮಿಷ, ಸಂಜೆ ಧಾರಾವಾಹಿಯ ಹೊತ್ತಿಗೆ ಇಪ್ಪತ್ತು ನಿಮಿಷ: ಇಂಥ ಚೂರುಪಾರು ಸಮಯವನ್ನು ಹಿಡಿಯಬಲ್ಲದ್ದು ಮನೆಯೊಳಗಿನ ಸೈಕಲ್ಲು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನ ನಮ್ಮ ದೇಶದಲ್ಲಿ ಮಧುಮೇಹಿಗಳ ಸಂಖ್ಯೆ 10.1 ಕೋಟಿ ಎಂದಿತು. ಆದ್ದರಿಂದ ಇದು ಶ್ರೀಮಂತರ ಶೋಕಿಯ ಮಾತಲ್ಲ.

ಎರಡನೆಯವರು ಹೇಳುವುದು: "ಮೊದಲು ಅತಿ ಅಗ್ಗದ್ದು ತರೋಣ. ತುಳಿದರೆ ಮುಂದೆ ಒಳ್ಳೆಯದು." ಕೇಳಲು ಜಾಣತನದ ಮಾತು; ಪರಿಣಾಮ ತಿರುಗುಮುರುಗು. ಹಗುರ ಸೈಕಲ್ಲು ತುಳಿಯುವವರನ್ನೇ ಓಡಿಸುತ್ತದೆ. ಹೇಗೆಂದು ಹೇಳುತ್ತೇನೆ.

ಈ ಯಂತ್ರದ ಜೀವಾಳ ಅದರ ಭಾರದ ಚಕ್ರ. ಪೆಡಲು ತೀರ ಮೇಲೆ ಮತ್ತು ತೀರ ಕೆಳಗೆ ಬಂದಾಗ ಕಾಲಿನ ಬಲ ಸರಿಯಾಗಿ ತಾಗುವುದಿಲ್ಲ. ಆ ಎರಡು ಕಡೆ ಚಕ್ರದ ಓಟವೇ ಪೆಡಲನ್ನು ದಾಟಿಸಬೇಕು. ಚಕ್ರ ತೀರ ಹಗುರವಾದರೆ ಪ್ರತಿ ಸುತ್ತಿಗೂ ಒಂದು ಎಳೆತ, ಒಂದು ಕುಲುಕು, ಅದು ಮಂಡಿಗೆ ತಿಳಿಯುತ್ತದೆ. ಎರಡನೆಯದು ಬಿಗಿತ. ಕೆಲವದರಲ್ಲಿ ಬಟ್ಟೆಯ ಪಟ್ಟಿಯೋ ಉಣ್ಣೆಯ ತುಂಡೋ ಚಕ್ರಕ್ಕೆ ಉಜ್ಜಿ ಬಿಗಿತ ಕೊಡುತ್ತದೆ. ಅದು ಸವೆಯುತ್ತದೆ, ಸದ್ದು ಮಾಡುತ್ತದೆ, ಬದಲಿಸಬೇಕಾಗುತ್ತದೆ. ಇನ್ನು ಕೆಲವದರಲ್ಲಿ ಆಯಸ್ಕಾಂತವನ್ನು ಲೋಹದ ಚಕ್ರದ ಬಳಿಗೆ ತರುತ್ತಾರೆ. ತಾಗದೆಯೇ ಅದು ಚಕ್ರವನ್ನು ತಡೆಯುತ್ತದೆ. ತಾಗದಿರುವುದರಿಂದ ಅಲ್ಲಿ ಸವೆತವಿಲ್ಲ, ಸದ್ದೂ ಕಡಿಮೆ. ಕೆಳಗಿನ ಮಾಳಿಗೆಯವರು ಸೊಸೈಟಿಯ ಸೆಕ್ರೆಟರಿಗೆ ದೂರು ಬರೆಯುವ ನಮ್ಮ ಕಟ್ಟಡಗಳಲ್ಲಿ ಇದು ಸಣ್ಣ ಮಾತಲ್ಲ. ಸಾಧಾರಣ ಆಯಸ್ಕಾಂತದ ಸೈಕಲ್ಲಿಗೂ ಅತಿ ಅಗ್ಗದ್ದಕ್ಕೂ ಅಂತರ ಅನೇಕ ಸಲ ಎರಡು ಮೂರು ಸಾವಿರದ್ದು. ಒಂದು ಮದುವೆಗೆ ಹೋಗಿ ಬರುವ ಖರ್ಚು.

ಮೂರನೆಯವರು ಇದಕ್ಕೆ ವಿರುದ್ಧ ದಿಕ್ಕಿನವರು: "ತರುವುದಾದರೆ ದೊಡ್ಡದನ್ನೇ ತರೋಣ. ಪರದೆ ಇರಲಿ, ಮೊಬೈಲಿಗೆ ಜೋಡಣೆ ಇರಲಿ, ಕ್ಯಾಲೊರಿ ತೋರಿಸಲಿ." ಪರದೆಗೆ ಕೊಟ್ಟ ಹಣ ಕಬ್ಬಿಣಕ್ಕೆ ಹೋಗುವುದಿಲ್ಲ ಎಂಬುದನ್ನು ಇವರು ಮರೆಯುತ್ತಾರೆ. ಎಷ್ಟೋ ಯಂತ್ರಗಳು ಕೂತವರ ತೂಕವನ್ನೇ ಕೇಳುವುದಿಲ್ಲ. ಆದರೂ ಕ್ಯಾಲೊರಿ ಇಷ್ಟೆಂದು ತೋರಿಸುತ್ತವೆ! ಆ ಅಂಕಿ ನಂಬಿ ಎರಡು ಜಿಲೇಬಿ ಹೆಚ್ಚು ತಿಂದವರನ್ನು ನಾನು ಬಲ್ಲೆ. ಶ್ರಮ ಸಾಕಷ್ಟಾಗುತ್ತಿದೆಯೇ ಎಂದು ತಿಳಿಯಲು ಕಾಸಿಲ್ಲದ ಉಪಾಯವೊಂದಿದೆ: ತುಳಿಯುತ್ತ ಮಾತಾಡಲು ಬರಬೇಕು, ಹಾಡಲು ಬರಬಾರದು. ಅದೇ ಮಧ್ಯಮ ಶ್ರಮ.

ಇದೇ ಗುಂಪಿನವರು ಜಿಮ್ಮಿನಲ್ಲಿ ಕಂಡ ಬಗ್ಗಿ ತುಳಿಯುವ ಭಾರೀ ಸೈಕಲ್ಲನ್ನು ಮನೆಗೆ ತರುತ್ತಾರೆ. ಅದರಲ್ಲಿ ಅನೇಕವುಗಳ ಚಕ್ರಕ್ಕೂ ಪೆಡಲಿಗೂ ಬಿಡುಗಡೆಯಿಲ್ಲದ ಗಂಟು. ನೀವು ಕಾಲು ನಿಲ್ಲಿಸಿದರೂ ಚಕ್ರದೊಂದಿಗೆ ಪೆಡಲು ತಿರುಗುತ್ತಲೇ ಇರುತ್ತದೆ. ಹರೆಯದವರಿಗೆ ಅದು ಒಳ್ಳೆಯದೇ. ಅಜ್ಜಿ ಏರುವ ಮನೆಗೆ, ಮೊಮ್ಮಗು ಚಕ್ರಕ್ಕೆ ಬೆರಳಿಡುವ ಮನೆಗೆ ಅದು ಬೇಡ.

ಹಾಗಾದರೆ ಕೊಳ್ಳುವುದು ಹೇಗೆ? ಮೊದಲು ತುಳಿಯುವವರನ್ನು ಕರೆಯಿರಿ. ಮನೆಯಲ್ಲಿ ಮೂವರು ತುಳಿಯುವುದಾದರೆ ಅತಿ ಗಿಡ್ಡವರನ್ನು ಮೊದಲು ಅಳೆಯಿರಿ. ನಮ್ಮ ದೇಶದ ಹೆಂಗಸರ ಸರಾಸರಿ ಎತ್ತರ ಸುಮಾರು 152 ಸೆಂಟಿಮೀಟರ್, ಅಂದರೆ ಐದಡಿ. ಮಾರುಕಟ್ಟೆಯಲ್ಲಿ ಎಷ್ಟೋ ಸೈಕಲ್ಲುಗಳ ಸೀಟು ಅಷ್ಟು ಕೆಳಗಿಳಿಯುವುದಿಲ್ಲ. ಅವರು ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಲ್ಲಲಿ. ಒಂದು ದಪ್ಪ ಪುಸ್ತಕವನ್ನು ತೊಡೆಗಳ ನಡುವೆ ಮೇಲಕ್ಕೆ ಒತ್ತಿ ಹಿಡಿಯಲಿ. ನೆಲದಿಂದ ಪುಸ್ತಕದ ಮೇಲಂಚಿನವರೆಗೆ ಟೇಪು ಹಿಡಿಯಿರಿ. ಅಂಗಡಿಯವನನ್ನು ಕೇಳಬೇಕಾದ ಪ್ರಶ್ನೆ ಇದು: ಸೀಟನ್ನು ಪೂರ್ತಿ ಇಳಿಸಿದಾಗ, ಕೆಳಗಿರುವ ಪೆಡಲಿನಿಂದ ಸೀಟಿನ ಮೇಲ್ಮೈಗೆ ಎಷ್ಟು ಅಂತರ? ಅದು ನೀವು ಟೇಪಿನಲ್ಲಿ ಕಂಡ ಅಂಕಿಗಿಂತ ಹೆಚ್ಚಾಗಿದ್ದರೆ ಆ ಸೈಕಲ್ಲು ಪುಕ್ಕಟೆ ಕೊಟ್ಟರೂ ಬೇಡ.

ಕೂತು ನೋಡಲು ಅವಕಾಶವಿದ್ದರೆ ಪರೀಕ್ಷೆ ಇನ್ನೂ ಸುಲಭ. ಹಿಮ್ಮಡಿಯನ್ನು ಪೆಡಲಿನ ಮೇಲಿಟ್ಟು ಕೆಳಕ್ಕೆ ತನ್ನಿ. ಕಾಲು ಆಗಷ್ಟೇ ನೆಟ್ಟಗಾಗಬೇಕು. ಬಳಿಕ ಪಾದದ ಮುಂಭಾಗವನ್ನಿಟ್ಟರೆ ಮಂಡಿ ತುಸು ಬಾಗಿರುತ್ತದೆ. ಅದೇ ಸರಿಯಾದ ಎತ್ತರ. ಸೀಟು ಹೆಚ್ಚು ಎತ್ತರವಾದರೆ ಸೊಂಟ ಓಲಾಡಿ ಮಂಡಿಯ ಹಿಂದೆ ನೋವು. ತೀರ ತಗ್ಗಾದರೆ ಮಂಡಿಯ ಮುಂದೆ ನೋವು. ನೋವು ಎಲ್ಲಿದೆ ಎಂದು ಕೇಳಿದ್ದರೆ ನನಗೆ ಅಂದೇ ಕಾರಣ ತಿಳಿಯುತ್ತಿತ್ತು. ನಾನು ಕೇಳಲಿಲ್ಲ, ತೀರ್ಪು ಕೊಟ್ಟೆ.

ಮತ್ತೆರಡು ಮಾತು. ಸೀರೆ ಅಥವಾ ನೈಟಿಯಲ್ಲಿ ಏರುವವರಿಗೆ, ಸೊಂಟ ಬಗ್ಗದ ಹಿರಿಯರಿಗೆ, ನಡುವಿನ ಕಂಬಿ ತಗ್ಗಾಗಿರುವ ಸೈಕಲ್ಲೇ ಬೇಕು. ಬೆನ್ನುನೋವಿದ್ದವರಿಗೆ ಒರಗಿ ಕೂರುವಂಥದ್ದು ಹಿತ, ಆದರೆ ಜಾಗ ಹೆಚ್ಚು ಬೇಡುತ್ತದೆ. ಮಡಚುವಂಥದ್ದು ಒಂದೇ ಖೋಲಿಯ ಸಂಸಾರಕ್ಕೆ ಅನುಕೂಲ. ಮಡಚುವ ಕೀಲು ಅಲ್ಲಾಡುತ್ತದೆಯೇ ಎಂದು ಮಾತ್ರ ಅಲುಗಿಸಿ ನೋಡಿ. ಯಂತ್ರ ಹೊರಬಲ್ಲ ತೂಕ ನಿಮ್ಮ ಮನೆಯ ಅತಿ ಭಾರದವರಿಗಿಂತ ಸಾಕಷ್ಟು ಹೆಚ್ಚಿರಲಿ. ಎದೆನೋವು, ಹೃದಯದ ತೊಂದರೆ ಇದ್ದವರು ಡಾಕ್ಟರನ್ನು ಕೇಳದೆ ಏರಬಾರದು. ಮೊಬೈಲಿನಲ್ಲಿ ತರಿಸುವವರು "ಜೋಡಿಸಿದ ಮೇಲೆ ವಾಪಸಿಲ್ಲ" ಎಂಬ ಸಣ್ಣ ಅಕ್ಷರವನ್ನು ಹಣ ಕೊಡುವ ಮುಂಚೆ ಓದಿ. ಮಾಲು ದೋಷಪೂರಿತವಾಗಿದ್ದರೆ ಸುಮ್ಮನಿರಬೇಡಿ. 2020ರ ನಿಯಮಗಳಂತೆ ಇಂಥ ಮಾರಾಟಗಾರರು ದೂರನ್ನು 48 ಗಂಟೆಯೊಳಗೆ ಸ್ವೀಕರಿಸಿದ್ದೇವೆಂದು ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು. ಕೇಳದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ಇನ್ನು ಅತಿ ಅಗ್ಗದ ದಾರಿ ಯಾವುದೆಂದು ಹೇಳಲೇ? ಅದು ನಮ್ಮ ಬಾಲ್ಕನಿಗಳಲ್ಲೇ ಇದೆ. 2020ರ ಲಾಕ್‌ಡೌನಿನಲ್ಲಿ ಕೊಂಡು ಮೂಲೆಗಿಟ್ಟ ಸೈಕಲ್ಲುಗಳು ನಮ್ಮ ಸದಸ್ಯರ ಮನೆಗಳಲ್ಲೇ ಎಷ್ಟಿರಬಹುದು, ನೀವೇ ಎಣಿಸಿ. ನನಗೆ ಎತ್ತರವಾದದ್ದು ನಿಮ್ಮ ಮಗನಿಗೆ ಸರಿಹೋಗಬಹುದು. ನಿಮಗೆ ತಗ್ಗಾದದ್ದು ನನ್ನಾಕೆಗೆ ಹೊಂದಬಹುದು. ಸಂಘದ ಪದಾಧಿಕಾರಿಗಳಲ್ಲಿ ನನ್ನ ವಿನಂತಿ: ವಧೂವರರ ಪುಟಕ್ಕೆ ಸ್ಥಳ ಕೊಡುವ ನಮ್ಮ ಪತ್ರಿಕೆಯಲ್ಲಿ ಈ ಸೈಕಲ್ಲುಗಳಿಗೂ ನಾಲ್ಕು ಸಾಲು ಕೊಡಿ. ಸೀಟಿನ ಕನಿಷ್ಠ ಎತ್ತರ, ಗರಿಷ್ಠ ಎತ್ತರ, ಬೆಲೆ, ಇಷ್ಟು ಸಾಕು. ಜಾತಕ ಕೂಡಿಸುವ ಶ್ರದ್ಧೆಯ ಕಾಲುಭಾಗ ಇಲ್ಲಿ ತೋರಿಸಿದರೂ ಎಷ್ಟೋ ಜೋಡಿ ಕೂಡೀತು. ಸಂಘದ ಸಭಾಗೃಹದ ಹಿಂದಿನ ಕೋಣೆಯಲ್ಲಿ ಮುರಿದ ಕುರ್ಚಿಗಳ ಬದಲು ಎರಡು ಸೈಕಲ್ಲುಗಳನ್ನಿಡಿ. ಕೊಳ್ಳುವ ಮುಂಚೆ ನಮ್ಮ ತಾಯಂದಿರು ಹತ್ತು ನಿಮಿಷ ಕೂತು ನೋಡಲಿ.

ನನ್ನ ಹಳೆಯ ಸೈಕಲ್ಲು ಪಕ್ಕದ ಕಟ್ಟಡದ ಎತ್ತರದ ಹುಡುಗನೊಬ್ಬನ ಪಾಲಾಯಿತು. ಠಾಣೆಯ ಪರಿಚಿತರ ಮನೆಯಿಂದ ನಾಲ್ಕೂವರೆ ಸಾವಿರಕ್ಕೆ, ಪರದೆ ಕೆಟ್ಟುಹೋದ ಆಯಸ್ಕಾಂತದ ಸೈಕಲ್ಲೊಂದನ್ನು ಟೆಂಪೋದಲ್ಲಿ ತಂದೆವು. ಹಣ ಕೊಡುವ ಮುಂಚೆ ಆಕೆಯೇ ಕೂತು ನೋಡಿದಳು. ನಾನು ಬಾಯಿ ಮುಚ್ಚಿಕೊಂಡು ನಿಂತಿದ್ದೆ. ಅದು ಬಂದ ಮೇಲೆ ಕಾಯಿಲೆ ಮಾಯವಾಯಿತೆಂದು ಬರೆದರೆ ಸುಳ್ಳಾದೀತು. ಮಾತ್ರೆ ಎರಡೇ ಇವೆ, ಮೂರಾಗಿಲ್ಲ. ಸಂಜೆ ಧಾರಾವಾಹಿ ಆರಂಭವಾದರೆ ಪೆಡಲೂ ಆರಂಭವಾಗುತ್ತದೆ. ಟವೆಲು ಒಣಗಿಸಲು ಈಗ ಜಾಗವಿಲ್ಲವೆಂದು ನಾನು ಗೊಣಗುತ್ತೇನೆ.

ಮುಂದಿನ ಸಲ ಯಾರದೋ ಮನೆಯ ಬಾಲ್ಕನಿಯಲ್ಲಿ ಅಂಥದೊಂದು ಸೈಕಲ್ಲು ಕಂಡು, ಯಜಮಾನರು ಆ ಹಳೆಯ ಹಾಸ್ಯ ತೆಗೆದರೆ, ದಯವಿಟ್ಟು ನಗಬೇಡಿ. "ಸೀಟು ಎಷ್ಟು ಕೆಳಗೆ ಇಳಿಯುತ್ತದೆ?" ಎಂದು ಕೇಳಿ. ಚಹ ತರುತ್ತಿರುವವರ ಮುಖವನ್ನು ಆಗ ನೋಡಿ.