ಗುಂಡೇಟಿನ ವೆಚ್ಚ ಯಾರ ಲೆಕ್ಕಕ್ಕೆ?

ಗಣಿ ಯೋಜನೆಯನ್ನು ವಿರೋಧಿಸುವ ಗ್ರಾಮಸ್ಥರನ್ನು ‘ಅಭಿವೃದ್ಧಿ ವಿರೋಧಿಗಳು’ ಎಂದು ಜರೆಯುವುದು ನಮ್ಮಲ್ಲಿ ರೂಢಿಯಾಗಿದೆ. ಪ್ರತಿಭಟನೆಯಿಂದ ಉದ್ಯಮಕ್ಕೆ ಕಚ್ಚಾವಸ್ತುವಿನ ಪೂರೈಕೆ ತಪ್ಪುತ್ತದೆ, ಆದ್ದರಿಂದ ಅದನ್ನು ಹತ್ತಿಕ್ಕಬೇಕು ಎಂಬುದು ಈ ವಾದದ ತಿರುಳು. ಒಡಿಶಾದ ಅನುಭವ ಇದಕ್ಕೆ ವಿರುದ್ಧವಾಗಿದೆ.

ರಾಯಗಡ ಜಿಲ್ಲೆಯ ಕಾಶಿಪುರ ಪ್ರದೇಶದ ಬಾಫ್ಲಿಮಾಲಿ ಬೆಟ್ಟದಿಂದ ಬಾಕ್ಸೈಟ್ ತೆಗೆದು ಅಲ್ಯುಮಿನಾ ತಯಾರಿಸುವ ಉತ್ಕಲ್ ಅಲ್ಯುಮಿನಾ ಯೋಜನೆ 1990ರ ದಶಕದ ಆರಂಭದಲ್ಲಿ ರೂಪುಗೊಂಡಿತು. ನೆಲ ಕಳೆದುಕೊಳ್ಳುವ ಆತಂಕದಿಂದ ಆದಿವಾಸಿಗಳು ಪ್ರತಿಭಟಿಸಿದರು. 2000ನೇ ಇಸವಿಯ ಡಿಸೆಂಬರ್ 16ರಂದು ಮೈಕಂಚ್ ಗ್ರಾಮದಲ್ಲಿ ಪೊಲೀಸರ ಗುಂಡಿಗೆ ಮೂವರು ಆದಿವಾಸಿಗಳು ಬಲಿಯಾದರು. ಪಾಲುದಾರ ಸಂಸ್ಥೆಯಾಗಿದ್ದ ನಾರ್ವೆಯ ನಾರ್ಸ್ಕ್ ಹೈಡ್ರೊ ಮರುವರ್ಷವೇ ಹೊರನಡೆಯಿತು. ಕೆನಡಾದ ಆಲ್ಕನ್ 2007ರಲ್ಲಿ ತನ್ನ ಪಾಲನ್ನು ಹಿಂಡಾಲ್ಕೊಗೆ ಮಾರಿತು. ಉತ್ಪಾದನೆ ಆರಂಭವಾದದ್ದು 2013ರಲ್ಲಿ. ವಿಳಂಬಕ್ಕೆ ಅನ್ಯ ಕಾರಣಗಳೂ ಇದ್ದಿರಬಹುದು. ಬಲಪ್ರಯೋಗದಿಂದ ಕಾಲ ಉಳಿಯಲಿಲ್ಲ ಎಂಬುದಂತೂ ನಿಜ.

ಇದೇ ಸೀಮೆಯ ನಿಯಮಗಿರಿಯ ಕಥೆಯೂ ಗಮನಾರ್ಹ. ಬೆಟ್ಟದ ಬಾಕ್ಸೈಟ್ ದೊರೆಯುವುದು ಖಾತರಿಯಾಗುವ ಮೊದಲೇ ವೇದಾಂತ ಸಂಸ್ಥೆ ಲಾಂಜಿಗಢದಲ್ಲಿ ಕಾರ್ಖಾನೆ ಕಟ್ಟಿತು. ನಾರ್ವೆ ಸರ್ಕಾರದ ಪಿಂಚಣಿ ನಿಧಿ 2007ರಲ್ಲಿ ಆ ಸಂಸ್ಥೆಯನ್ನು ತನ್ನ ಹೂಡಿಕೆಯಿಂದ ಹೊರಗಿಟ್ಟಿತು. ಬಾಕ್ಸೈಟ್ ಕೊರತೆಯಿಂದ 2012ರ ಡಿಸೆಂಬರ್‌ನಲ್ಲಿ ಕಾರ್ಖಾನೆ ಕೆಲವು ತಿಂಗಳು ಬಾಗಿಲು ಮುಚ್ಚಿತು. ನಿರ್ಧಾರವನ್ನು ಗ್ರಾಮಸಭೆಗಳಿಗೆ ಬಿಡುವಂತೆ 2013ರ ಏಪ್ರಿಲ್ 18ರಂದು ಸುಪ್ರೀಂ ಕೋರ್ಟ್ ಆದೇಶಿಸಿತು. ಹನ್ನೆರಡು ಗ್ರಾಮಸಭೆಗಳೂ ಗಣಿಗಾರಿಕೆ ಬೇಡವೆಂದವು. ಮೊದಲೇ ಕೇಳಿದ್ದರೆ ಈ ಉತ್ತರ ಕಾರ್ಖಾನೆ ಕಟ್ಟುವ ಮುನ್ನವೇ ಸಿಗುತ್ತಿತ್ತು.

ಸರ್ಕಾರಿ ಸೇವೆಯಲ್ಲಿದ್ದಾಗ ನಾನು ಕಂಡಂತೆ, ಯೋಜನಾ ವರದಿಗಳಲ್ಲಿ ಭೂಮಿಯ ಬೆಲೆ, ಯಂತ್ರದ ಬೆಲೆ, ಸಾಲದ ಬಡ್ಡಿ ಎಲ್ಲಕ್ಕೂ ಅಂಕಣವಿರುತ್ತದೆ. ಜನರ ಅಸಮ್ಮತಿಗೆ ಇರುವುದಿಲ್ಲ. ಅರ್ಥಶಾಸ್ತ್ರದಲ್ಲಿ ಇದನ್ನು ಬಾಹ್ಯ ವೆಚ್ಚವೆನ್ನುತ್ತಾರೆ: ಲಾಭ ಒಬ್ಬರದು, ಹೊರೆ ಮತ್ತೊಬ್ಬರದು. ಮೈಕಂಚ್‌ನಲ್ಲಿ ಆ ಹೊರೆ ಹೊತ್ತವರು ಸತ್ತವರ ಮನೆಯವರು. ಅವರ ನಷ್ಟವನ್ನು ಹೂಡಿಕೆದಾರನ ‘ಅಪಾಯ’ವೆಂದಷ್ಟೇ ಎಣಿಸುವುದೂ ಅನ್ಯಾಯವೇ.

ದೇಶಕ್ಕೆ ಅಲ್ಯುಮಿನಿಯಂ ಬೇಡವೇ? ಖಂಡಿತ ಬೇಕು. ವಿದ್ಯುತ್ ತಂತಿಯಿಂದ ಸೌರಫಲಕದ ಚೌಕಟ್ಟಿನವರೆಗೆ ಅದು ಅಗತ್ಯ. ಆದರೆ ಭೀತಿಯ ನೆರಳಿನಲ್ಲಿ ತೆರೆದ ಗಣಿಯಿಂದ ಅದಿರು ನಿರಾತಂಕವಾಗಿ ಬರುತ್ತದೆಂದು ನಂಬಲಾಗದು. ಬಂಡವಾಳ ಹಿಂತೆಗೆತ, ಹರತಾಳ, ನ್ಯಾಯಾಲಯದ ತಡೆ ಯಾವಾಗ ಬೇಕಾದರೂ ಬರಬಹುದು.

ಇಷ್ಟಾದರೂ 2023ರಲ್ಲಿ, ಸಿಜಿಮಾಲಿ ಬಾಕ್ಸೈಟ್ ನಿಕ್ಷೇಪದ ಹರಾಜಿನ ನಂತರ, ಪ್ರತಿಭಟನಕಾರರ ಬಂಧನ ಮರುಕಳಿಸಿತು. 1996ರ ಪೆಸಾ ಕಾಯ್ದೆ, 2006ರ ಅರಣ್ಯ ಹಕ್ಕು ಕಾಯ್ದೆ ನಮ್ಮ ಬಳಿ ಇವೆ. ಹೊಸ ಕಾನೂನಿಗೆ ಕಾಯಬೇಕಿಲ್ಲ. ಹರಾಜಿಗೆ ಮುನ್ನವೇ ಗ್ರಾಮಸಭೆ ನಡೆಯಲಿ, ಪೊಲೀಸರು ಸಭೆಯಿಂದ ದೂರವಿರಲಿ, ‘ಬೇಡ’ ಎಂಬ ಉತ್ತರಕ್ಕೂ ಮಾನ್ಯತೆ ಇರಲಿ. ಆ ಉತ್ತರವನ್ನು ಒಪ್ಪಲು ಸಿದ್ಧವಿಲ್ಲದ ಸರ್ಕಾರ ಸಭೆ ಕರೆಯುವುದು ಬರೀ ಕಡತ ತುಂಬಿಸುವ ಕೆಲಸವಾದೀತು.