ಮಣ್ಣಿನ ಹಿತವೂ ಕೃಷಿಕನ ಮುಂದಾಳುತನವೂ

ಮಣ್ಣಿನ ರಕ್ಷಣೆಯು ಯಾರ ಹೊಣೆಯೆಂದು ಕೇಳಿದರೆ, ಸರ್ಕಾರದ್ದೆಂದು ಕೆಲವರೂ ವಿಜ್ಞಾನಿಗಳದ್ದೆಂದು ಕೆಲವರೂ ಹೇಳುವರು. ಆ ಮಣ್ಣನ್ನೇ ನಂಬಿ ಬಾಳುವ ಕೃಷಿಕನನ್ನು ಮಾತ್ರ ಉಪದೇಶ ಕೇಳುವ ಸ್ಥಾನದಲ್ಲಿ ಕೂರಿಸುವುದು ರೂಢಿಯಾಗಿದೆ. ಈ ರೂಢಿಯು ಯುಕ್ತವಲ್ಲವೆಂಬುದಕ್ಕೆ ಅಮೆರಿಕದ ಬಯಲುಸೀಮೆಯ ಅನುಭವವೇ ಸಾಕ್ಷಿ.

ಅಲ್ಲಿ ಹುಲ್ಲುಗಾವಲನ್ನು ಸೀಳಿ ಗೋಧಿ ಬಿತ್ತಿದುದರ ಫಲವು 1930ರ ದಶಕದ ಅನಾವೃಷ್ಟಿಯಲ್ಲಿ ಪ್ರಕಟವಾಯಿತು. ಬೇರಿನ ಹಿಡಿತ ತಪ್ಪಿದ ಮೇಲ್ಮಣ್ಣು ಗಾಳಿಪಾಲಾಯಿತು. 1935ರ ಏಪ್ರಿಲ್ 14ರ ಧೂಳಿನ ಬಿರುಗಾಳಿಯು ಹಗಲನ್ನೇ ಇರುಳಾಗಿಸಿತು. ಅದೇ ತಿಂಗಳಲ್ಲಿ, ಹ್ಯೂ ಹ್ಯಾಮಂಡ್ ಬೆನೆಟ್ಟರ ಪರಿಶ್ರಮದ ಫಲವಾಗಿ ಭೂಸಂರಕ್ಷಣಾ ಶಾಸನವು ಅಂಗೀಕೃತವಾಯಿತು. ಆದರೆ ರಾಜಧಾನಿಯ ಆಜ್ಞೆಯಿಂದಲೇ ಹೊಲಗಳು ಸುಧಾರಿಸಲಾರವಷ್ಟೆ. ಆದುದರಿಂದ 1937ರಲ್ಲಿ ಅಧ್ಯಕ್ಷ ರೂಸ್‌ವೆಲ್ಟರು ರಾಜ್ಯಗಳಿಗೆ ಮಾದರಿ ಕಾನೂನೊಂದನ್ನು ಕಳುಹಿಸಿ, ಸ್ಥಳೀಯ ಭೂಸಂರಕ್ಷಣಾ ಮಂಡಲಗಳನ್ನು ರಚಿಸುವಂತೆ ಕೋರಿದರು. ಆ ವರ್ಷದ ಆಗಸ್ಟ್ 4ರಂದು ಉತ್ತರ ಕೆರೊಲಿನಾದ ಬ್ರೌನ್ ಕ್ರೀಕ್‌ನಲ್ಲಿ ಮೊದಲನೆಯ ಮಂಡಲವು ಉದಯಿಸಿತು. ಇಂದು ಅಂತಹವು ಸುಮಾರು 3000 ಇವೆ. ಇವುಗಳ ಮೇಲ್ವಿಚಾರಕರಲ್ಲಿ ಬಹುಮಂದಿ ಆಯಾ ಸೀಮೆಯ ರೈತರು, ಪಶುಪಾಲಕರು.

ಪೀಠ ದೊರೆತ ಮಾತ್ರಕ್ಕೆ ವಿವೇಕ ದೊರೆಯುವುದೆಂದು ಭಾವಿಸಲಾಗದು. 1970ರ ದಶಕದಲ್ಲಿ ಧಾನ್ಯದ ಬೆಲೆ ಏರಿದಾಗ, ಹಿಂದೆ ಗಾಳಿತಡೆಗಾಗಿ ನೆಟ್ಟ ಮರಸಾಲುಗಳನ್ನು ಕಡಿದು ಉತ್ತವರೂ ಕೃಷಿಕರೇ. ಸಾಲದ ಭಾರವೂ ಲಾಭದ ಆಸೆಯೂ ನಾಳೆಯನ್ನು ಮರೆಸಬಲ್ಲವು. ಹಾಗಿದ್ದರೆ ಮುಂದಾಳುತನವನ್ನು ಅವರಿಗೆ ಒಪ್ಪಿಸುವುದು ಸರಿಯೇ ಎಂಬ ಆಕ್ಷೇಪಣೆ ಹುಟ್ಟುವುದು ಸಹಜ.

ಇದಕ್ಕೆ ಉತ್ತರ ಡಕೋಟಾದ ಬರ್ಲಿ ಮಂಡಲವು ಸಮಾಧಾನ ನೀಡುತ್ತದೆ. ಬಿಸ್ಮಾರ್ಕ್ ನಗರದ ಬಳಿಯ ಕೃಷಿಕ ಗೇಬ್ ಬ್ರೌನ್ ಎಂಬವರು 1995ರಿಂದ 1998ರವರೆಗೆ ನಾಲ್ಕು ವರ್ಷ ಒಂದೇ ಸಮನೆ ಆಲಿಕಲ್ಲು, ಬರಗಳಿಗೆ ಬೆಳೆ ಕಳೆದುಕೊಂಡರು. ಗೊಬ್ಬರ ಕೊಳ್ಳಲು ಹಣವಿಲ್ಲದಾಗ ಮಣ್ಣಿನ ಸತ್ವದತ್ತಲೇ ಅವರ ದೃಷ್ಟಿ ಹರಿಯಿತು. ಉಳುಮೆಯನ್ನು ಆ ಮೊದಲೇ ತ್ಯಜಿಸಿದ್ದ ಅವರು ಹೊದಿಕೆ ಬೆಳೆಗಳನ್ನು ಬಿತ್ತಿದರು, ದನಗಳನ್ನು ಹೊಲದಲ್ಲಿ ಸರದಿಯಂತೆ ಮೇಯಿಸಿದರು. ಶೇಕಡಾ 2ಕ್ಕಿಂತ ಕಡಿಮೆಯಿದ್ದ ಸಾವಯವಾಂಶವು ಮುಂದೆ 5ನ್ನು ಮೀರಿತೆಂದು ಅವರ ಹೇಳಿಕೆ. ಮಂಡಲದ ಮೇಲ್ವಿಚಾರಕರೂ ಆಗಿದ್ದ ಅವರೊಡನೆ ಸರ್ಕಾರದ ತಜ್ಞ ಜೇ ಫ್ಯೂರರ್ ಸಹಾಯಕರಾಗಿ ನಿಂತರು. 2006ರ ಬರದಲ್ಲಿ ಮಂಡಲವು ಒಂದೊಂದೇ ಬೆಳೆಯನ್ನೂ ಹಲವು ಬೆಳೆಗಳ ಮಿಶ್ರಣವನ್ನೂ ಪಕ್ಕಪಕ್ಕದಲ್ಲಿ ಬಿತ್ತಿ ಪರೀಕ್ಷಿಸಿತು. ಒಂಟಿ ಬೆಳೆಗಳು ಬಾಡಿದವು. ಮಿಶ್ರಣವು ಹಸಿರಾಗಿ ನಿಂತಿತು. ನೆರೆಯ ರೈತನು ಇದನ್ನು ಕಣ್ಣಾರೆ ಕಂಡ ಮೇಲೆ ಉಪನ್ಯಾಸದ ಅಗತ್ಯವೆಲ್ಲಿ?

ಕೃಷಿಕನು ತಪ್ಪಬಹುದು, ನಿಜ. ಆದರೆ ತಪ್ಪಿನ ಫಲವನ್ನು ತಾನೇ ಉಣ್ಣುವವನು ಅವನೊಬ್ಬನೇ. ಯೋಜನೆ ವಿಫಲವಾದರೆ ಅಧಿಕಾರಿಗೆ ವರ್ಗವಾಗುವುದು, ವಿದ್ವಾಂಸನಿಗೆ ಮತ್ತೊಂದು ಪ್ರಬಂಧ ದೊರೆಯುವುದು. ರೈತನಿಗಾದರೋ ಮತ್ತೊಂದು ಹೊಲವಿಲ್ಲ. ಆದುದರಿಂದ ಶಾಸ್ತ್ರಜ್ಞನು ದೀಪ ಹಿಡಿಯಲಿ, ಸರ್ಕಾರವು ಬುತ್ತಿ ಕಟ್ಟಲಿ. ದಾರಿಯಲ್ಲಿ ಮುಂದೆ ನಡೆಯಬೇಕಾದವನು ಮಣ್ಣಿನ ಮಗನೇ. ಅವನು ಒಂಟಿಯಾಗಿ ನಡೆಯದೆ ನೆರೆಹೊರೆಯವರೊಡನೆ ಕೂಡಿ, ಪರೀಕ್ಷಿಸಿ, ಪರಸ್ಪರ ತಿದ್ದಿಕೊಂಡು ನಡೆದಲ್ಲಿ ಮಾತ್ರವೇ ನೆಲವು ಮುಂದಿನ ಪೀಳಿಗೆಗೆ ಉಳಿಯುವುದು.